ಗುಳಿಗೆ ಯಾವುದೆಂದು ಕೇಳಿದ ಡಾಕ್ಟರಮ್ಮ

ಸಂತೋಷವಾದರೆ ಮೇಜು ಗುದ್ದುವ ಡಾಕ್ಟರನ್ನು ನಾನು ಕಂಡದ್ದು ಒಬ್ಬರನ್ನೇ. ಬಳ್ಳಾರಿಯ ಕೋಟೆ ಗುಡ್ಡ ಕಾಣುವ ಒಂದು ಓಣಿಯಲ್ಲಿ ಅವರ ಹೆರಿಗೆ ದವಾಖಾನೆ ಇತ್ತು. ಹೊರಗೆ ಸಾಲಾಗಿ ಕೂತ ಹೆಂಗಸರಿಗೆ ಒಳಗಿನಿಂದ ಧಡ್ ಎಂದು ಸದ್ದು ಕೇಳಿದರೆ ಸಾಕು, "ಯಾರದೋ ರೋಗ ಸಿಕ್ತು" ಎಂದು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರು. ಮೊದಲ ಸಲ ಹೋದವರು ಮಾತ್ರ ಬೆಚ್ಚಿ ಬೀಳುತ್ತಿದ್ದರು. ನಾನೂ ಬಿದ್ದಿದ್ದೆ.

ಕುರುಗೋಡಿನಲ್ಲಿ ಹುಟ್ಟಿದವರು. ಕುಳ್ಳಗೆ, ದುಂಡಗೆ, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿರುತ್ತಿದ್ದರು. ನಡೆಯುವುದೆಂದರೆ ಅವರಿಗೆ ಓಡುವುದು. ಹೆರಿಗೆ ಕೋಣೆಯಿಂದ ತಪಾಸಣೆ ಕೋಣೆಗೆ ಹೋಗುವಾಗ ಚಪ್ಪಲಿಯ ಸದ್ದು ಕೇಳಿ ನರ್ಸುಗಳು ಗೋಡೆಗೆ ಒತ್ತಿ ನಿಂತು ದಾರಿ ಬಿಡುತ್ತಿದ್ದರು. ಆದೋನಿ ಕಡೆಯಿಂದ ಬಂದವರ ಜೊತೆ ತೆಲುಗು, ಕೌಲ್ ಬಜಾರಿನ ಅಜ್ಜಿಯರ ಜೊತೆ ಉರ್ದು, ನಮ್ಮ ಜೊತೆ ನಮ್ಮದೇ ಕನ್ನಡ. ಮೂರು ಭಾಷೆಯಲ್ಲೂ ಅವರ ಮೊದಲ ಪ್ರಶ್ನೆ ಮಾತ್ರ ಒಂದೇ. ಎಷ್ಟು ಮಕ್ಕಳು, ಯಾವಾಗ ಮುಟ್ಟಾಗಿದ್ದಿ, ಎಲ್ಲಿ ನೋವು ಎಂಬುದೆಲ್ಲ ಆಮೇಲೆ.

"ಏನೇನು ಗುಳಿಗಿ ನುಂಗ್ತೀಯವ್ವಾ? ಯಾವ ರೋಗಕ್ಕಾದ್ರೂ ಆಗಲಿ, ಹೇಳು."

ನಾನು ತೆಕ್ಕಲಕೋಟೆಯವಳು. ಮದುವೆಯಾಗಿ ಸಿರುಗುಪ್ಪಕ್ಕೆ ಬಂದು ಅಲ್ಲಿಯ ಒಂದು ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಮದುವೆಯಾಗಿ ನಾಲ್ಕು ವರ್ಷವಾದರೂ ಮಕ್ಕಳಾಗಿರಲಿಲ್ಲ. ಅಷ್ಟರಲ್ಲಿ ನನ್ನ ಮುಟ್ಟು ನಿಂತಿತು. ಒಂದು ತಿಂಗಳು ಹೋಯಿತು, ಎರಡು ಹೋಯಿತು. ಮೂರನೆಯ ತಿಂಗಳಲ್ಲಿ ಒಂದು ದಿನ ಸ್ನಾನ ಮಾಡುವಾಗ ಎದೆಯಿಂದ ಹಾಲಿನಂಥ ಹನಿ ಜಿನುಗಿತು. ಬಚ್ಚಲಲ್ಲೇ ಕೂತು ಅತ್ತುಬಿಟ್ಟೆ, ಸಂತೋಷಕ್ಕೆ. ಅತ್ತೆಗೆ ಹೇಳಿದೆ. ಆಕೆ ಒಳ್ಳೆಯ ಹೆಂಗಸು, ನನಗೆ ಒಂದು ದಿನವೂ ಮಕ್ಕಳಾಗಿಲ್ಲವೆಂದು ಚುಚ್ಚಿದವಳಲ್ಲ. ಕೇಳಿದ್ದೇ ತಡ, ದೇವರ ಮುಂದೆ ದೀಪ ಹಚ್ಚಿ, ಓಣಿಯ ಎಂಟು ಹತ್ತು ಮನೆಗೆ ಸಕ್ಕರೆ ಹಂಚಿ ಬಂದಳು. ಅಂಗಡಿಯಿಂದ ತಂದ ಪಟ್ಟಿಯಲ್ಲಿ ಪರೀಕ್ಷೆ ಮಾಡಿದರೆ ಒಂದೇ ಗೆರೆ ಬಂತು. "ಅವೆಲ್ಲಾ ಸುಳ್ಳು ಹೇಳ್ತಾವ ತಗಿ. ಎದಿಯಾಗಿನ ಹಾಲು ಸುಳ್ಳು ಹೇಳ್ತೈತೇನು?" ಎಂದು ಅತ್ತೆ ಅದನ್ನು ಕಸಕ್ಕೆ ಎಸೆದಳು. ನಾನೂ ಹಾಲನ್ನೇ ನಂಬಿದೆ.

ಊರಿಗೆಲ್ಲ ಸುದ್ದಿಯಾದ ಮೇಲೆ ಗಂಡ ನನ್ನನ್ನು ಬಳ್ಳಾರಿಗೆ ಕರೆದುಕೊಂಡು ಹೋದ. ಸ್ಕ್ಯಾನ್ ಮಾಡಿದರು. ಪರದೆಯ ಮೇಲೆ ಏನೂ ಇರಲಿಲ್ಲ. ಡಾಕ್ಟರಮ್ಮ ಎರಡು ಸಲ ನೋಡಿ, ಮೂತ್ರದ ಪರೀಕ್ಷೆ ಮತ್ತೊಮ್ಮೆ ಮಾಡಿಸಿ, "ಕೂಸು ಇಲ್ಲವ್ವಾ" ಅಂದರು. ನಾನು ಕುರ್ಚಿಯ ಕೈ ಹಿಡಿದುಕೊಂಡೆ. ನನಗೆ ಕಂಡದ್ದು ಅತ್ತೆಯ ಸಕ್ಕರೆ ತಟ್ಟೆ. ಮನೆಗೆ ಹೋಗಿ ಏನು ಹೇಳಲಿ? ಗಂಡ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ.

ಅಂಥ ಹೊತ್ತಿನಲ್ಲಿ ಅವರು ಮತ್ತೆ ಕೇಳಿದ್ದು ಅದೇ ಗುಳಿಗೆಯ ಪ್ರಶ್ನೆಯನ್ನು! "ಏನೂ ನುಂಗಂಗಿಲ್ರಿ" ಅಂದೆ, ಒಳಗೆ ಬಂದಾಗ ಹೇಳಿದ್ದನ್ನೇ.

"ಏನೂ ಇಲ್ಲ? ತಲಿನೋವಿಗೆ? ನಿದ್ದಿಗೆ? ಶಕ್ತಿಗೆ ಅಂತ ಯಾರಾರ ಕೊಟ್ಟದ್ದು?"

"ಇಲ್ರೀ. ಗ್ಯಾಸಿಂದು ಒಂದು ಅಷ್ಟ."

"ಗ್ಯಾಸಿಂದು ಗುಳಿಗಿ ಅಲ್ಲೇನು? ಎಷ್ಟು ದಿನದಿಂದ?"

ಶಾಲೆಗೆ ಹೋಗುವ ಗಡಿಬಿಡಿಯಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತಿರಲಿಲ್ಲ. ಹೊಟ್ಟೆ ಉಬ್ಬರ, ಹುಳಿ ತೇಗು. ಯಾವಾಗಲೋ ಒಬ್ಬ ಡಾಕ್ಟರು ಕೆಲವು ದಿನಕ್ಕೆಂದು ಬರೆದುಕೊಟ್ಟ ಕ್ಯಾಪ್ಸೂಲನ್ನು ನಾನೇ ಅಂಗಡಿಯಲ್ಲಿ ಕೇಳಿ ಕೇಳಿ ತಂದು ಹೆಚ್ಚುಕಡಿಮೆ ಒಂದು ವರ್ಷ ನುಂಗಿದ್ದೆ. ಬೆಳಿಗ್ಗೆ ಚಹಾಕ್ಕೆ ಮೊದಲು ಒಂದು. ಅದನ್ನು ಔಷಧಿ ಎಂದು ಯಾರು ಎಣಿಸುತ್ತಾರೆ? ಅದರ ಹಾಳೆ ನನ್ನ ಕೈಚೀಲದಲ್ಲೇ ಇತ್ತು. ತೆಗೆದು ಕೊಟ್ಟೆ. ಅವರು ಕನ್ನಡಕ ಏರಿಸಿ ಹಿಂದಿನ ಸಣ್ಣ ಅಕ್ಷರ ಓದಿದರು. ಧಡ್!

"ಸಿಕ್ತು! ಲೆವೊಸಲ್ಪಿರೈಡ್! ಏ ಸಿಸ್ಟರ್, ಬಾ ಇಲ್ಲಿ, ನೋಡಿಲ್ಲಿ, ಸಿಕ್ತು!"

ಆ ಕ್ಷಣ ನನಗೆ ಅವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನನ್ನ ಮನೆ ಮುಳುಗಿದೆ, ಈ ಹೆಂಗಸಿಗೆ ಹಬ್ಬ. ಎದ್ದೇ ಹೊರಟೆ. ಅವರು ಮೇಜು ಸುತ್ತಿ ಬಂದು ಎರಡೂ ಕೈಯಿಂದ ನನ್ನ ಭುಜ ಹಿಡಿದು ಕೂರಿಸಿದರು.

"ಕುಂದ್ರು. ಬೈಯುವಂತಿ ನನಗ, ಮೊದಲು ಕೇಳು. ಇದ್ರಾಗ ಎರಡು ಔಷಧ ಅದಾವ. ಒಂದು ಹುಳಿ ಕಡಿಮಿ ಮಾಡೋದು, ಅದು ಪಾಪದ್ದು. ಇನ್ನೊಂದು ಹೊಟ್ಟ್ಯಾಗಿನ ಅನ್ನ ಜಲ್ದಿ ಕೆಳಗ ಇಳೀಲಿ ಅಂತ ಹಾಕಿದ್ದು. ಅದು ಹೊಟ್ಟಿಗೆ ಅಷ್ಟ ಹೋಗಿ ಸುಮ್ಮನ ಕುಂದ್ರಂಗಿಲ್ಲ, ತಲಿಯಾಗಿನ ಒಂದು ಗ್ರಂಥಿಗೂ ಹೋಗಿ ಹಾಲಿನ ಹಾರ್ಮೋನು ಏರಿಸ್ತೈತಿ. ಅದು ಏರಿತಂದ್ರ, ಈಕಿ ಆಗಲೇ ಕೂಸಿಗೆ ಹಾಲು ಕುಡಸಾಕತ್ಯಾಳ ಅಂತ ಮೈ ತಿಳ್ಕೊಂತೈತಿ. ಮಡಿಲಾಗ ಕೂಸು ಐತಿ ಅಂದ ಮ್ಯಾಲೆ ಇನ್ನೊಂದು ಕೂಸಿಗೆ ಅಂಡ ಯಾಕ ಬಿಡತೈತಿ? ಅಂಡ ಬಿಡಲಿಲ್ಲ, ಮುಟ್ಟು ಬರಲಿಲ್ಲ. ನಿನ್ನ ಎದಿ ಸುಳ್ಳು ಹೇಳಿಲ್ಲವ್ವಾ. ಅದಕ್ಕ ಸುಳ್ಳು ಹೇಳಿದ್ದು ಈ ಗುಳಿಗಿ."

ಕಿಟಕಿಯ ಬಳಿ ನಿಂತಿದ್ದ ನನ್ನ ಗಂಡ ತಿರುಗಿ ನೋಡಿದ. "ಅಂದ್ರ ಈಕಿದು ಏನೂ ಕೆಟ್ಟಿಲ್ಲೇನ್ರಿ?" ಎಂದು ಕೇಳಿದ.

"ನನಗ ಹಂಗ ಅನಸ್ತೈತಿ. ಆದ್ರ ನನಗ ಅನಸಿದ್ರ ಸಾಲದು. ರಕ್ತ ಕೊಟ್ಟು ಹೋಗ್ರಿ. ಹಾಲಿನ ಹಾರ್ಮೋನು, ಥೈರಾಯ್ಡು ಎರಡೂ ನೋಡೋಣ. ಗುಳಿಗಿ ನಿಲ್ಲಿಸಿದ ಮ್ಯಾಲೂ ಅದು ಇಳೀಲಿಲ್ಲಂದ್ರ ತಲಿಯ ಸ್ಕ್ಯಾನೂ ಮಾಡಸ್ತೀನಿ, ಬಿಡಂಗಿಲ್ಲ."

ಹಾಲಿನ ಹಾರ್ಮೋನು ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿತ್ತು. ಥೈರಾಯ್ಡ್ ಸರಿಯಿತ್ತು. ಕ್ಯಾಪ್ಸೂಲ್ ನಿಂತಿತು. ಹೊಟ್ಟೆಯುಬ್ಬರಕ್ಕೆ ಅವರು ಕೊಟ್ಟ ಔಷಧಿ ಕಮ್ಮಿ, ಬೈಗುಳ ಜಾಸ್ತಿ. "ಮಕ್ಕಳಿಗೆ ಪಾಠ ಹೇಳ್ತಿ, ಹೊತ್ತಿಗೆ ರೊಟ್ಟಿ ತಿನ್ನಾಕ ಬರಂಗಿಲ್ಲೇನು ನಿನಗ?" ಊರಿಗೆ ಬಂದು ಅತ್ತೆಗೆ ಎಲ್ಲ ಹೇಳಿದಾಗ ಆಕೆ, "ಹಂಚಿದ ಸಕ್ಕರಿ ಹಂಚಿದ್ದಾತು. ಹೊಟ್ಟ್ಯಾಗ ಗಡ್ಡಿ ಇಲ್ಲಲ್ಲ, ಅದ ದೊಡ್ಡದು" ಅಂದಳು.

ಎರಡನೆಯ ತಿಂಗಳು ಮುಗಿಯುವ ಮೊದಲೇ, ಶಾಲೆಯಲ್ಲಿ ಊಟದ ಬಿಡುವಿನಲ್ಲಿ, ನನಗೆ ಮುಟ್ಟು ಬಂತು. ಹದಿಮೂರನೆಯ ವಯಸ್ಸಿನಿಂದ ಅದನ್ನು ಮುಚ್ಚಿಡುವುದನ್ನಷ್ಟೇ ಕಲಿತವಳು ನಾನು. ಅಂದು ಮಾತ್ರ ಸ್ಟಾಫ್ ರೂಮಿಗೆ ಓಡಿ ಬಂದು, ಯಾರಿದ್ದಾರೆ ಯಾರಿಲ್ಲ ನೋಡದೆ ಡಾಕ್ಟರಮ್ಮನಿಗೆ ಫೋನ್ ಹಚ್ಚಿ ಕೂಗಿದೆ: "ಬಂತ್ರೀ ಮೇಡಂ! ಬಂತು!"

ಆ ಕಡೆಯಿಂದ ಮೇಜು ಗುದ್ದಿದ ಸದ್ದು ಸ್ಪಷ್ಟವಾಗಿ ಕೇಳಿಸಿತು. ಈ ಕಡೆ ಹೆಡ್ ಮಾಸ್ತರರು ಬುತ್ತಿಯಿಂದ ತಲೆ ಎತ್ತಿ, "ಯಾರು ಬಂದ್ರೀ ಟೀಚರ್?" ಎಂದರು. ಪಕ್ಕದಲ್ಲಿದ್ದ, ನನ್ನ ವಿಷಯವೆಲ್ಲ ಗೊತ್ತಿದ್ದ ಮುಮ್ತಾಜ್ ಟೀಚರ್ ತಟ್ಟನೆ, "ಅವರ ಅಕ್ಕ ಬಂದಾಳಂತ್ರಿ ಸರ್, ಬಾಳ ದಿನಾ ಆಗಿತ್ತಂತ" ಅಂದಳು. "ಹೋಗಿ ಬರ್ರಿ ಮನಿಗೆ, ಪಾಪ" ಎಂದು ಹೆಡ್ ಮಾಸ್ತರರು ಅರ್ಧ ದಿನದ ರಜೆಯನ್ನೇ ಕೊಟ್ಟುಬಿಟ್ಟರು. ನಾನೂ ಮುಮ್ತಾಜಳೂ ಗೇಟಿನ ತನಕ ನಕ್ಕೂ ನಕ್ಕೂ ಹೋದೆವು.

ಆಮೇಲೆ ಡಾಕ್ಟರಮ್ಮ ನನಗೆ ಬರೀ ಡಾಕ್ಟರಾಗಿ ಉಳಿಯಲಿಲ್ಲ. ಅವರು ಪ್ರತಿ ಗುರುವಾರ ಸಿರುಗುಪ್ಪಕ್ಕೆ ಬಂದು ರೋಗಿಗಳನ್ನು ನೋಡುತ್ತಿದ್ದರು. ಶಾಲೆ ಬಿಟ್ಟ ಮೇಲೆ ನಾನು ಹೋಗಿ ಕೂರುತ್ತಿದ್ದೆ. ಕೊನೆಯ ರೋಗಿ ಹೋದ ಮೇಲೆ ಮಂಡಕ್ಕಿ ಒಗ್ಗರಣಿ, ಮಿರ್ಚಿ ತರಿಸಿ ಮಾತಿಗೆ ಕೂಡುತ್ತಿದ್ದರು. ಅವರ ಮಾತೆಲ್ಲ ಬೇಟೆಯ ಕಥೆಗಳಂತೆ ಇರುತ್ತಿತ್ತು. ಜೀನ್ಸ್ ಹೊಲಿಯುವ ಘಟಕದ ಒಬ್ಬಳಿಗೆ ಮುಟ್ಟು ತಪ್ಪದೆ ಬರುತ್ತಿತ್ತು, ಗರ್ಭ ಮಾತ್ರ ನಿಲ್ಲುತ್ತಿರಲಿಲ್ಲ. ಬಗ್ಗಿ ಬಗ್ಗಿ ಬೆನ್ನು ನೋವೆಂದು ಆಕೆ ದಿನವೂ ಉರಿಯೂತದ ನೋವಿನ ಗುಳಿಗೆ ನುಂಗುತ್ತಿದ್ದಳು. "ಅಂಡ ಬೆಳೀತಿತ್ತು, ಆದ್ರ ಅದರ ಚೀಲ ಒಡೀತಿರಲಿಲ್ಲ. ಸ್ಕ್ಯಾನಿನ್ಯಾಗ ಕಣ್ಣಾರೆ ಕಂಡೆ! ನುಂಗಿದವರಿಗೆಲ್ಲಾ ಹಂಗಾಗಂಗಿಲ್ಲ. ಈಕಿಗೆ ಆಗಿತ್ತು. ನೋವಿಗೆ ಬ್ಯಾರೆ ಗುಳಿಗಿ ಕೊಟ್ಟೆ, ಮುಂದಿನ ತಿಂಗಳು ನೋಡಿದ್ರ ಒಡೆದಿತ್ತು!" ಎನ್ನುವಾಗ ಕೈಯಲ್ಲಿದ್ದ ಮಿರ್ಚಿ ಗಾಳಿಯಲ್ಲಿ ಹಾರಾಡುತ್ತಿತ್ತು.

ಹಬ್ಬ, ಮದುವೆ ಹತ್ತಿರವಾದಂತೆ ಮುಟ್ಟು ಮುಂದೂಡುವ ಗುಳಿಗೆ ಕೇಳಿ ಬರುವವರು ಹೆಚ್ಚುತ್ತಿದ್ದರು. ಡಾಕ್ಟರಮ್ಮ ಯಾರನ್ನೂ ಹಂಗಿಸುತ್ತಿರಲಿಲ್ಲ. ಕಾಲು ಬಾವು ಬಂದಿತ್ತೇ, ರಕ್ತ ಹೆಪ್ಪುಗಟ್ಟಿದ್ದು ಮನೆಯಲ್ಲಿ ಯಾರಿಗಾದರೂ ಇತ್ತೇ ಎಂದು ಕೇಳಿ, ತಾಯಂದಿರನ್ನು ಬಿಟ್ಟು ಹುಡುಗಿಯ ಕಡೆಗೇ ತಿರುಗಿ, "ನಿನಗ ಬೇಕೇನು ಇದು, ನಿಮ್ಮವ್ವಗ ಬೇಕೇನು?" ಅನ್ನುತ್ತಿದ್ದರು. ಒಮ್ಮೆ ನನಗೆ ಹೇಳಿದರು: "ನನ್ನ ಮದುವಿಗೆ ನಾನೂ ನುಂಗಿದ್ದೆ. ಕುರುಗೋಡಿನ್ಯಾಗ ನಮ್ಮಜ್ಜಿ ಹಟ. ನಿಲ್ಲಿಸಿದ ಮೂರನೇ ದಿನ ಹೊಸ ಅತ್ತಿಮನ್ಯಾಗ ಮುಟ್ಟು ಬಂತು ನೋಡು, ಹೊಟ್ಟಿ ಹಿಡಕೊಂಡು ಹೊಳ್ಳಾಡಿದೆ. ಡಾಕ್ಟರಿಕಿ ಓದಿದಾಕಿ, ಗುಳಿಗಿ ಬಿಟ್ಟ ಮ್ಯಾಲೆ ಅದು ಬಂದ ಬರತೈತಿ ಅಂತ ಗೊತ್ತಿದ್ದೂ ಮದುವಿ ಸಂಭ್ರಮದಾಗ ಮರ್ತಿದ್ದೆ!"

ಅವರ ಆ ಉತ್ಸಾಹದ ಇನ್ನೊಂದು ಮುಖವನ್ನು ನಾನು ಕಂಡದ್ದು ಮುಮ್ತಾಜಳ ಸಲುವಾಗಿ. ಎರಡನೆಯ ಹೆರಿಗೆಯ ನಂತರ ಅವಳ ಮನಸ್ಸು ಹದಗೆಟ್ಟಿತ್ತು. ಯಾರೋ ತನ್ನನ್ನು ಕರೆಯುತ್ತಾರೆ ಎನ್ನುತ್ತಿದ್ದಳಂತೆ. ಬಳ್ಳಾರಿಯ ಮಾನಸಿಕ ತಜ್ಞರ ಗುಳಿಗೆಯಿಂದ ಸುಧಾರಿಸಿ ನೌಕರಿಗೆ ಮರಳಿದ್ದಳು. ನಗುನಗುತ್ತ ಇರುತ್ತಿದ್ದ ಅವಳಿಗೂ ಮುಟ್ಟು ನಿಂತು ಬಹಳ ತಿಂಗಳಾಗಿತ್ತು ಎಂಬುದು ನನಗೆ ಗೊತ್ತಿರಲಿಲ್ಲ. ನನ್ನ ಗುಳಿಗೆ ನಿಂತು ಮುಟ್ಟು ಬಂದದ್ದನ್ನು ಕಣ್ಣಾರೆ ಕಂಡವಳು ಯಾರಿಗೂ ಹೇಳದೆ ತನ್ನ ಗುಳಿಗೆಯನ್ನೂ ನಿಲ್ಲಿಸಿದಳು.

ಕೆಲವು ವಾರ ಕಳೆದಿರಬೇಕು. ಒಂದು ಮಂಗಳವಾರ ಬೆಳಿಗ್ಗೆ ಆರನೆಯ ತರಗತಿಯ ಹುಡುಗಿಯರು ಬಂದು, "ಟೀಚರ್, ಮುಮ್ತಾಜ್ ಟೀಚರ್ ಮಾತಾಡವಲ್ರು" ಎಂದರು. ಹೋಗಿ ನೋಡಿದರೆ ಅವಳು ಹಲಗೆಗೆ ಹಣೆ ಹಚ್ಚಿ ನಿಂತಿದ್ದಳು. ತಿರುಗಿದಾಗ ಕಣ್ಣು ಕೆಂಪಗಿದ್ದವು. "ನಿದ್ದಿ ಬರವಲ್ದು. ಮತ್ತ ಕರ್ಯಾಕತ್ಯಾರ" ಎಂದು ನನ್ನ ಕೈ ಹಿಡಿದುಕೊಂಡಳು. ಗುಳಿಗೆ ಬಿಟ್ಟದ್ದನ್ನು ಆಗ ಹೇಳಿದಳು. ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಅವರು ಒಂದು ಮಾತೂ ಕೇಳಲಿಲ್ಲ. "ಆಕಿನ್ನ ಒಬ್ಬಾಕಿನ್ನ ಬಿಡಬ್ಯಾಡ. ಆಕಿ ಗಂಡನ್ನ ಕರಸು. ಬಂದೆ" ಅಂದರು.

ಗುರುವಾರವಲ್ಲದ ದಿನ, ತಪಾಸಣೆಗೆ ಕೂತವರನ್ನು ಬಿಟ್ಟು, ತಾವೇ ಕಾರು ನಡೆಸಿಕೊಂಡು ಬಂದರು. ಧೂಳು ಹೊತ್ತ ಕಾರು ಶಾಲೆಯ ಆವರಣಕ್ಕೆ ನುಗ್ಗಿ ನಿಂತಾಗ ಮಧ್ಯಾಹ್ನದ ಗಂಟೆ ಇನ್ನೂ ಹೊಡೆದಿರಲಿಲ್ಲ. ಹೆಡ್ ಮಾಸ್ತರರ ಕೋಣೆಯಲ್ಲಿ ಮುಮ್ತಾಜಳ ಪಕ್ಕಕ್ಕೆ ನೆಲದ ಮೇಲೆ ಕೂತು ಅವಳ ಎರಡೂ ಕೈ ತಮ್ಮ ಮಡಿಲಲ್ಲಿ ಇಟ್ಟುಕೊಂಡರು. ಅಷ್ಟು ಮೆಲ್ಲಗೆ ಅವರು ಮಾತಾಡಬಲ್ಲರೆಂದು ನನಗೆ ಗೊತ್ತಿರಲಿಲ್ಲ.

"ಮೇಡಂ, ನನ್ನ ಗುಳಿಗಿನೂ ಅದನ್ನ ಮಾಡ್ತೈತಲ್ರೀ? ಮುಟ್ಟು ನಿಲ್ಲಸ್ತೈತಲ್ಲ?" ಎಂದು ಮುಮ್ತಾಜ್ ಕೇಳಿದಳು.

"ಮಾಡತೈತಿ ಬೇಟಾ, ನೀ ಹಿಡಿದದ್ದು ಖರೇ ಐತಿ. ಆದ್ರ ಟೀಚರಿಗೆ ಆ ಕ್ಯಾಪ್ಸೂಲ್ ಬೇಕಾಗಿರಲಿಲ್ಲ. ನಿನಗ ನಿನ್ನ ಗುಳಿಗಿ ಬೇಕು. ಬೇಡಾದದ್ದನ್ನ ನಿಲ್ಲಸ್ತಾರ, ಬೇಕಾದದ್ದನ್ನ ಡಾಕ್ಟರನ್ನ ಕೇಳಿ ಬದಲಿ ಮಾಡ್ಕೊಂತಾರ. ಗುಳಿಗಿ ನಮ್ಮ ವೈರಿ ಅಲ್ಲವ್ವಾ."

ಅವಳ ಗಂಡ, ಗ್ಯಾರೇಜಿನಿಂದ ಕೈಯಲ್ಲಿ ಆಯಿಲ್ ಇರುವಂತೆಯೇ ಓಡಿ ಬಂದವನು, ಬಾಗಿಲಲ್ಲಿ ನಿಂತು ಅಳುತ್ತಿದ್ದ. "ಮುಟ್ಟಿನ ಮಾತು ನನಗ ಹೇಳಲಿಲ್ರೀ ಈಕಿ" ಎಂದ. ಡಾಕ್ಟರಮ್ಮ ಅವನತ್ತ ನೋಡಿ, "ಹೇಳಾಕ ಜಾಗ ಎಲ್ಲೈತಪಾ ಆಕಿಗೆ? ನಿನಗ ಹೇಳಂಗಿಲ್ಲ, ಮನಸಿನ ಡಾಕ್ಟರು ಗಂಡಸು ಅಂತ ಅವರಿಗೂ ಹೇಳಂಗಿಲ್ಲ. ಎಲ್ಲಿ ಹೇಳಬೇಕು?" ಎಂದರು. ಸಿಟ್ಟಿನಿಂದಲ್ಲ, ನಿಜವಾಗಿ ಉತ್ತರ ಬೇಕೆಂಬಂತೆ ಕೇಳಿದರು. ಇಬ್ಬರನ್ನೂ ಕಾರಿಗೆ ಹತ್ತಿಸಿಕೊಂಡು ನೇರ ಆ ತಜ್ಞರ ಬಳಿಗೇ ಹೋದರು. ಮೊದಲಿನ ಗುಳಿಗೆ ಮತ್ತೆ ಶುರುವಾಯಿತು. ಮುಮ್ತಾಜ್ ಗಟ್ಟಿಯಾದ ಮೇಲೆ, ಇಬ್ಬರೂ ಡಾಕ್ಟರು ಮಾತಾಡಿಕೊಂಡು, ಹಾಲಿನ ಹಾರ್ಮೋನನ್ನು ಅಷ್ಟಾಗಿ ಏರಿಸದ ಇನ್ನೊಂದು ಗುಳಿಗೆಗೆ ನಿಧಾನವಾಗಿ ಬದಲಿಸಿದರು. ಅವಳಿಗೂ ಮುಟ್ಟು ಮರಳಿತು. ಆ ದಿನ ಅವಳು ಸ್ಟಾಫ್ ರೂಮಿನಲ್ಲಿ ನನ್ನ ಕಿವಿಯಲ್ಲಿ, "ನನ್ನ ಅಕ್ಕನೂ ಬಂದ್ಲು" ಅಂದಳು.

"ಎಲ್ಲಿ ಹೇಳಬೇಕು?" ಎಂಬ ಪ್ರಶ್ನೆ ಡಾಕ್ಟರಮ್ಮನನ್ನು ಬಿಡಲಿಲ್ಲ. ಆ ಮಂಗಳವಾರದ ಬೆನ್ನಿಗೇ ಬಂದ ಗುರುವಾರ, "ಹಳ್ಳಿಗೆ ಹೋಗೋಣ ನಡಿ. ಅವರು ಬರಂಗಿಲ್ಲಂದ್ರ ನಾವ ಹೋಗೋಣ" ಎಂದರು. ಮೊದಲು ಹೋದದ್ದು ಹಚ್ಚೊಳ್ಳಿಗೆ. ಅಲ್ಲಿಯ ಶಾಲೆಯ ಒಂದು ಕೋಣೆಯಲ್ಲಿ ಹೆಂಗಸರು ಸೇರಿದ್ದರು. ಭತ್ತದ ನಾಟಿ ಮುಗಿಸಿ ಬಂದವರ ಸೀರೆಯ ಅಂಚು ಇನ್ನೂ ಕೆಸರಾಗಿತ್ತು. ಡಾಕ್ಟರಮ್ಮ ಎಷ್ಟು ಕೇಳಿದರೂ ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಅವರು ಚಪ್ಪಲಿ ಬಿಟ್ಟು ಜಮಖಾನೆಯ ಮೇಲೆ ಕೂತು, "ಮಾತಾಡಬ್ಯಾಡ್ರಿ. ಮನಿಗೆ ಹೋಗಿ ನೀವು ನುಂಗೋ ಗುಳಿಗಿ ಎಲ್ಲಾ ತೊಗೊಂಡು ಬರ್ರಿ, ಸಾಕು" ಎಂದರು. ಹೆಂಗಸರು ಎದ್ದು ಹೋದರು. ಕೋಣೆ ಖಾಲಿಯಾಯಿತು. ಇನ್ನು ಬರುವುದಿಲ್ಲವೆಂದು ನಾನು ಅಂದುಕೊಂಡೆ.

ಬಂದರು! ಸೆರಗಿನ ಗಂಟಿನಲ್ಲಿ, ಬಿಸ್ಕಿಟ್ ಡಬ್ಬಿಯಲ್ಲಿ, ದೇವರ ಗೂಡಿನಿಂದ ತೆಗೆದ ಕುಂಕುಮದ ಡಬ್ಬಿಯಲ್ಲಿ, ಒಬ್ಬಳು ಮಗುವಿನ ಟೋಪಿಯಲ್ಲಿ. ಮನೆಯಲ್ಲೇ ಉಳಿದಿದ್ದ ಅತ್ತೆಯಂದಿರೂ ಹಿಂದೆಯೇ ಬಂದರು. ಜಮಖಾನೆಯ ಮೇಲೆ ಕೆಂಪು, ಹಳದಿ, ಬಿಳಿ ಗುಳಿಗೆಗಳು ಹರಡಿಕೊಂಡವು. ಈಗ ಮಾತು ನಿಲ್ಲಿಸುವವರೇ ಇಲ್ಲ. "ಇದು ನಂದ್ರೀ", "ಇದಕ್ಕ ಏನಂತಾರ ನೋಡ್ರಿ", "ಇದು ತೊಗೊಂಡಾಗಿಂದ ನನಗ ಎರಡು ಸಲ ಬರಾಕತ್ತೈತ್ರೀ". ಒಬ್ಬಳು ಸಣ್ಣ ವಯಸ್ಸಿನ ತಾಯಿ ಎರಡು ಹಾಳೆ ಮುಂದಿಟ್ಟಳು, ಒಂದು ಕ್ಷಯದ್ದು, ಇನ್ನೊಂದು ಮಕ್ಕಳಾಗದಿರಲೆಂದು ನುಂಗುವುದು. ನಡುನಡುವೆ ರಕ್ತ ಕಾಣಿಸಿಕೊಳ್ಳುತ್ತದೆ ಎಂದಳು. ಮೇಜು ಇರಲಿಲ್ಲವಾದ್ದರಿಂದ ಡಾಕ್ಟರಮ್ಮ ನನ್ನ ತೊಡೆಯನ್ನೇ ಗುದ್ದಿದರು.

"ಶಭಾಷ್, ಚಲೋ ವ್ಯಾಳ್ಯಾಕ್ಕ ತಂದಿ! ಕ್ಷಯದ ಗುಳಿಗಿ ಈ ಗುಳಿಗಿ ಶಕ್ತಿ ತಿಂತೈತಿ. ಇದನ್ನ ನಂಬಿ ಕುಂತ್ರ ಬಸರಾಗ್ತಿ. ಕ್ಷಯದ್ದು ಒಂದು ದಿನಾನೂ ಬಿಡಬ್ಯಾಡ. ಬಸರಾಗದಂಗ ಇರಾಕ ಬ್ಯಾರೆ ದಾರಿ ಐತಿ, ನಾಳೆ ನಿನ್ನ ಗಂಡನ್ನ ಕರ್ಕೊಂಡು ಬಳ್ಳಾರಿಗೆ ಬಾ."

ಅಂದು ಹಚ್ಚೊಳ್ಳಿಯಿಂದ ಹೊರಡುವಾಗ ಹೆಂಗಸರು ಕಾರಿನ ಸುತ್ತ ನಿಂತು ಮತ್ತೆ ಯಾವಾಗ ಬರುತ್ತೀರಿ ಎಂದು ಕೇಳುತ್ತಿದ್ದರು. ದಾರಿಯುದ್ದಕ್ಕೂ ಡಾಕ್ಟರಮ್ಮ, "ನೋಡಿದೇನು? ನೋಡಿದೇನು?" ಎನ್ನುತ್ತಿದ್ದರು. ಕಾಲುವೆಯ ಪಕ್ಕದ ರಸ್ತೆಯಲ್ಲಿ ಅಷ್ಟು ಜೋರಾಗಿ ಕಾರು ಓಡಿಸಬೇಡಿರೆಂದು ನಾನು ಬೇಡಿಕೊಳ್ಳುತ್ತಿದ್ದೆ.

ನನಗೆ ಕೂಸಾಗಲು ಮತ್ತೊಂದು ವರ್ಷ ಹಿಡಿಯಿತು. "ಅಂಡ ಬಿಡುಗಡೆ ಆದ್ರ ದಾರಿ ತೆರೀತು ಅಂತ ಅಷ್ಟ. ಊರು ಮುಟ್ಟಿದಂಗ ಅಲ್ಲ" ಎಂದು ಅವರು ಮೊದಲೇ ಎಚ್ಚರಿಸಿದ್ದರು. ಮಗಳನ್ನು ಅವರೇ ಎತ್ತಿ ತೋರಿಸಿದರು. ಅತ್ತೆ ಈ ಸಲ ಸಕ್ಕರೆ ಹಂಚಲಿಲ್ಲ, ಪೇಢೆ ಹಂಚಿದಳು.

ಇದೆಲ್ಲ ಆಗಿ ಹತ್ತು ವರ್ಷದ ಮೇಲಾಯಿತು. ಮೊನ್ನೆ ಅವರು ದವಾಖಾನೆಯ ಬಾಗಿಲು ಹಾಕಿ ಕುರುಗೋಡಿಗೆ ಹೋಗುವುದೆಂದು ನಿಶ್ಚಯಿಸಿದರು. ಮೊಣಕಾಲು ಓಡಲು ಬಿಡುವುದಿಲ್ಲ, ಓಡದೆ ಕೆಲಸ ಮಾಡಲು ಅವರಿಗೆ ಬರುವುದಿಲ್ಲ. ಕೊನೆಯ ದಿನ ಸಂಜೆ ಹತ್ತಿರದ ಒಂದು ಸಭಾಂಗಣದಲ್ಲಿ ಸನ್ಮಾನ ಇಟ್ಟುಕೊಂಡಿದ್ದೆವು. ಕರೆದೊಯ್ಯಲು ನಾನೂ ಮುಮ್ತಾಜಳೂ ಮಾಲೆ ಹಿಡಿದು ಹೋದೆವು. ಅವರು ಬಿಳಿ ಕೋಟು ಬಿಚ್ಚಿ ಮಡಚಿ ಕುರ್ಚಿಯ ಬೆನ್ನಿಗೆ ಹಾಕಿ, ಕೋಣೆಯ ನಡುವೆ ನಿಂತು ಸುತ್ತ ನೋಡುತ್ತಿದ್ದರು. ಆಗಲೇ ಹೊರಗೆ ಒಬ್ಬ ಗಂಡಸಿನ ದನಿ ಕೇಳಿಸಿತು. ಹಸಿರು ಟವೆಲ್ ಹೆಗಲಿಗೆ ಹಾಕಿದ ಒಬ್ಬ ರೈತ, ಪಕ್ಕದಲ್ಲಿ ಕಾಲೇಜಿಗೆ ಹೋಗುವ ಮಗಳು. ಇವತ್ತು ಇಲ್ಲ, ಇನ್ನು ಇಲ್ಲವೇ ಇಲ್ಲ ಎಂದು ನರ್ಸ್ ಹೇಳುತ್ತಿದ್ದಳು.

"ಅಲ್ಲವ್ವಾ, ನಮ್ಮ ಮಾತು ಕೇಳು" ಎಂದ ಆತ. ಕಾಯುವ ಕೋಣೆಯಲ್ಲಿ ಡಾಕ್ಟರಮ್ಮನನ್ನು ಬೀಳ್ಕೊಡಲು ಬಂದ ಹತ್ತಾರು ಜನರಿದ್ದರು, ಗಂಡಸರೂ ಇದ್ದರು. ಆತ ದನಿ ತಗ್ಗಿಸಲಿಲ್ಲ. "ನನ್ನ ಮಗಳಿಗೆ ಫಿಟ್ಸಿನ ಗುಳಿಗಿ ನಡದಾವ. ಆ ಗುಳಿಗಿ ಬದಲಿ ಮಾಡಿದಾಗಿಂದ ಮುಟ್ಟು ಹಿಂದಮುಂದ ಆಗಾಕತ್ತೈತಿ. ಗುಳಿಗಿಯಿಂದ ಹಿಂಗಾಗಿರಬಹುದೇನು, ಕೇಳಬೇಕಾಗೈತಿ. ನಿಲ್ಲಿಸಿಲ್ಲ ಮತ್ತ, ತೊಗೊಳ್ಳಾಕತ್ಯಾಳ."

ಮಗಳು ತಲೆ ತಗ್ಗಿಸಲಿಲ್ಲ. ಯಾರೂ ಕಿಸಕ್ಕನೆ ನಗಲಿಲ್ಲ. ಮೂಲೆಯಲ್ಲಿ ಕೂತಿದ್ದ ಒಬ್ಬ ಮುದುಕ ಸರಿದು ಹುಡುಗಿಗೆ ಕೂರಲು ಜಾಗ ಕೊಟ್ಟ. ಮುಮ್ತಾಜ್ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದಳು.

ಒಳಗೆ ಡಾಕ್ಟರಮ್ಮ ಕೋಟು ಮತ್ತೆ ತೊಡುತ್ತಿದ್ದರು. ಒಂದು ತೋಳು ಸಿಕ್ಕದೆ ಒದ್ದಾಡುತ್ತಲೇ ಬಾಗಿಲಿಗೆ ಬಂದರು, ನೋಯುವ ಮೊಣಕಾಲು ಮರೆತು, ಹೆಚ್ಚುಕಡಿಮೆ ಓಡುತ್ತಲೇ. ಅವರ ಮುಖ ಕೆಂಪಗೆ ಬೆಳಗುತ್ತಿತ್ತು.

"ಬಾರಪಾ, ಬಾ! ಬಾರವ್ವಾ ಬಂಗಾರ! ಎಂಥಾ ಮಾತು ಕೇಳಿದಿ!"

ಬಾಗಿಲು ಮುಚ್ಚಿಕೊಂಡಿತು. ಸಭಾಂಗಣದಿಂದ ಫೋನ್ ಬಂತು. ಅತಿಥಿಗಳು ಬಂದು ಕೂತಿದ್ದಾರೆ, ಡಾಕ್ಟರು ಎಲ್ಲಿ ಎಂದು ಕೇಳಿದರು. ನಾನು ಮಾಲೆಯನ್ನು ಬೆಂಚಿನ ಮೇಲೆ ಇಟ್ಟು ಕೂತೆ.

"ಕಾಯ್ರಿ," ಅಂದೆ, "ಮೇಡಂ ಪೇಷಂಟ್ ನೋಡಾಕತ್ಯಾರ."